ಯುದ್ಧವಾಹನ ಮಾದರಿಗಳಲ್ಲಿ ಕೊನೆಯ ಹಂತದಲ್ಲಿ ಕಾಣುವ ದೋಷಗಳು: ಪದರ ಪದರವಾಗಿ ಕಾರಣ ಹುಡುಕುವ ಕ್ರಮ

ಪ್ಲಾಸ್ಟಿಕ್ ಕಿಟ್‌ನಿಂದ ಕಟ್ಟಿದ ಟ್ಯಾಂಕ್ ಅಥವಾ ಕವಚವಾಹನದ ಮಾದರಿಯಲ್ಲಿ ದೋಷಗಳು ಕಣ್ಣಿಗೆ ಬೀಳುವುದು ಬಹುತೇಕ ಕೊನೆಯ ಹಂತದಲ್ಲಿ. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ ತೆಳು ಪೊರೆ) ಅಂಟಿಸಿದ ಮರುದಿನ ಅದರ ಕೆಳಗಿನಿಂದ ಬೆಳ್ಳಿಯಂಥ ಹೊಳಪು ಮೂಡುತ್ತದೆ. ವಾಶ್ (ತಗ್ಗುಗಳಲ್ಲಿ ನೆರಳು ಮೂಡಿಸಲು ಹಚ್ಚುವ ಬಹಳ ತೆಳು ಬಣ್ಣ) ಹಾಕಿದ ಸ್ವಲ್ಪ ಹೊತ್ತಿಗೆ ಸಸ್ಪೆನ್ಷನ್ ತೋಳು (ಚಕ್ರವನ್ನು ಒಡಲಿಗೆ ಸೇರಿಸುವ ಭಾಗ) ಬಿರುಕು ಬಿಡುತ್ತದೆ. ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಒಣಗುತ್ತಿದ್ದಂತೆ ಕಡುಹಸಿರು ಬಣ್ಣದ ಮೇಲೆ ಬಿಳಿ ಮಂಜು ಕವಿಯುತ್ತದೆ. ದೋಷ ಕಂಡ ಹಂತವನ್ನೇ ತಪ್ಪಿತಸ್ಥನೆಂದು ಬಗೆದು, ಆ ಸೀಸೆಯನ್ನು ಬದಲಿಸಿ ಮುಂದಿನ ಮಾದರಿಗೆ ಹೋಗುವುದು ನಮ್ಮ ಹವ್ಯಾಸಿಗಳಲ್ಲಿ ಸಾಮಾನ್ಯವಾದ ರೂಢಿ. ಆದರೆ ಕಾರಣ ಬಹಳ ಸಲ ಎರಡು ಮೂರು ಪದರಗಳ ಕೆಳಗೆ, ಕೆಲವೊಮ್ಮೆ ಬಣ್ಣಕ್ಕೂ ಮೊದಲಿನ ಜೋಡಣೆಯಲ್ಲೇ ಇರುತ್ತದೆ. ಆದ್ದರಿಂದ ದೋಷ ಕಂಡ ಮೇಲ್ಮೈಯಿಂದ ಆರಂಭಿಸಿ ಒಂದೊಂದೇ ಪದರ ಕೆಳಗಿಳಿಯುತ್ತ ಕಾರಣವನ್ನು ಹುಡುಕುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಳು ಹೆಚ್ಚಾಗಿ 1/35 ಅಳತೆಯವು, ಅಂದರೆ ಮೂಲ ವಾಹನದ ಮೂವತ್ತೈದನೇ ಒಂದು ಪಾಲಿನಷ್ಟು ಉದ್ದದವು. ಆದರೂ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮತ್ತು ಬಣ್ಣಗಳ ಸ್ವಭಾವ 1/48 ಮತ್ತು 1/72ರಲ್ಲಿಯೂ ಬೇರೆಯಾಗುವುದಿಲ್ಲ.

ದುರಸ್ತಿಗೆ ಮೊದಲು ದಾಖಲೆ

ಸಹಹವ್ಯಾಸಿಗಳ ಮುಂದೆ ದೋಷವನ್ನು ಇಟ್ಟು ಸಲಹೆ ಕೇಳುವಾಗ "ಬಣ್ಣ ಹಾಳಾಗಿದೆ, ಏನು ಮಾಡಲಿ" ಎಂದಷ್ಟೇ ಹೇಳಿದರೆ ಎಷ್ಟು ಅನುಭವಿಯಾದರೂ ಊಹೆಯನ್ನೇ ಹೇಳಬೇಕಾಗುತ್ತದೆ. ಹೇಳಬೇಕಾದದ್ದು ಪದರಗಳ ಕ್ರಮ: ಪ್ಲಾಸ್ಟಿಕ್ಕನ್ನು ತೊಳೆದಿದ್ದೀರೋ ಇಲ್ಲವೋ, ಯಾವ ಪ್ರೈಮರ್ (ಬಣ್ಣ ಹಿಡಿಯಲೆಂದು ಹಾಕುವ ಮೊದಲ ಪದರ), ಅದರ ಮೇಲೆ ಯಾವ ಬಣ್ಣ, ಅದನ್ನು ಯಾವ ಥಿನ್ನರ್‌ನಲ್ಲಿ ಎಷ್ಟು ತೆಳು ಮಾಡಿದಿರಿ, ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಬಿಟ್ಟಿರಿ. ಇವುಗಳಲ್ಲಿ ಕೊನೆಯ ಎರಡನ್ನು ಹೆಚ್ಚಿನವರು ಬರೆದಿಡುವುದಿಲ್ಲ. ಆದರೆ ಕಾರಣ ಸಿಗುವುದು ಅವುಗಳಲ್ಲೇ ಹೆಚ್ಚು. ಪ್ರತಿ ಮಾದರಿಗೂ ಒಂದು ಹಾಳೆಯನ್ನು ಪೆಟ್ಟಿಗೆಯೊಳಗೇ ಇಟ್ಟು, ಪ್ರತಿ ಪದರ ಹಾಕಿದಾಗ ಒಂದು ಸಾಲು ಬರೆಯುತ್ತ ಹೋದರೆ ಸಾಕಾಗುತ್ತದೆ.

ಚಿತ್ರ ತೆಗೆಯುವಾಗಲೂ ಒಂದು ಕ್ರಮ ಬೇಕು. ಎದುರಿನಿಂದ ಸಮ ಬೆಳಕಿನಲ್ಲಿ ತೆಗೆದ ಚಿತ್ರ ಬಣ್ಣದ ವ್ಯತ್ಯಾಸವನ್ನು ತೋರಿಸುತ್ತದೆಯೇ ಹೊರತು ಮೇಲ್ಮೈಯ ಉಬ್ಬುತಗ್ಗುಗಳನ್ನು ತೋರಿಸುವುದಿಲ್ಲ. ದೀಪವನ್ನು ಮೇಲ್ಮೈಗೆ ಬಹುತೇಕ ಸಮಾನಾಂತರವಾಗಿ ಪಕ್ಕದಲ್ಲಿಟ್ಟು ಇನ್ನೊಂದು ಚಿತ್ರ ತೆಗೆದರೆ ಒರಟು ಕಣಗಳು, ಜೋಡಣೆಯ ಗೆರೆ, ಡೆಕಾಲ್‌ನ ಅಂಚು, ಕೂದಲೆಳೆಯಂಥ ಬಿರುಕು ಎಲ್ಲವೂ ನೆರಳು ಚೆಲ್ಲಿ ಕಾಣಿಸಿಕೊಳ್ಳುತ್ತವೆ. ಒಂದೇ ದೋಷಕ್ಕೆ ಮೂವರು ಮೂರು ಕಾರಣ ಹೇಳುವ ಸಂದರ್ಭಗಳಲ್ಲಿ ಈ ಎರಡನೆಯ ಚಿತ್ರವೇ ಚರ್ಚೆಯನ್ನು ಮುಗಿಸುವುದುಂಟು.

ಯಾವ ಪದರದಲ್ಲಿ ಯಾವ ಬಗೆಯ ಬಣ್ಣವಿದೆ ಎಂಬುದು ನೆನಪಿಲ್ಲದಿದ್ದರೆ ವಾಹನದ ಹೊಟ್ಟೆಯ ಭಾಗದಲ್ಲಿ, ಅಂದರೆ ಯಾರೂ ನೋಡದ ತಳದಲ್ಲಿ, ಹತ್ತಿಕಡ್ಡಿಯಿಂದ ಪರೀಕ್ಷೆ ಮಾಡಬಹುದು. ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಉಜ್ಜಿದಾಗ ಬಣ್ಣ ಹತ್ತಿಗೆ ಹತ್ತಿದರೆ ಅದು ಬಹುತೇಕ ಅಕ್ರಿಲಿಕ್; ವೈಟ್ ಸ್ಪಿರಿಟ್‌ಗೆ ಕರಗಿದರೆ ಎನಾಮಲ್ ಅಥವಾ ತೈಲಬಣ್ಣ; ಎರಡಕ್ಕೂ ಜಗ್ಗದೆ ಲ್ಯಾಕರ್ ಥಿನ್ನರ್‌ಗೆ ಮಾತ್ರ ಕರಗಿದರೆ ಲ್ಯಾಕರ್. ಲ್ಯಾಕರ್ ಥಿನ್ನರ್ ಪ್ಲಾಸ್ಟಿಕ್ಕನ್ನೂ ಕರಗಿಸುವುದರಿಂದ ಅದನ್ನು ಕೊನೆಗೆ, ಬಹಳ ಸ್ವಲ್ಪವೇ ಬಳಸಬೇಕು. ಕಿಟಕಿ ತೆರೆದಿರಲಿ, ಸಾವಯವ ಆವಿ ತಡೆಯುವ ಫಿಲ್ಟರ್ ಇರುವ ಮುಖವಾಡವಿರಲಿ. ಬರಿಯ ಧೂಳಿನ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ.

ಈ ಪರೀಕ್ಷೆಯ ಹಿಂದಿರುವ ತತ್ತ್ವವೇ ಮುಂದಿನ ಎಲ್ಲ ದೋಷಗಳಿಗೂ ಕೀಲಿ. ಪ್ರತಿ ಪದರದ ದ್ರಾವಕ ತನ್ನ ಕೆಳಗಿನ ಪದರವನ್ನು ಮುಟ್ಟಬಾರದು. ಮಿಸ್ಟರ್ ಕಲರ್‌ನಂಥ ಲ್ಯಾಕರ್ ಬಣ್ಣ ಅಡಿಯಲ್ಲಿದ್ದರೆ ಅದರ ಮೇಲೆ ಟಮಿಯಾದ ಅಕ್ರಿಲಿಕ್, ಅದರ ಮೇಲೆ ಎನಾಮಲ್ ವಾಶ್ ಸುರಕ್ಷಿತ. ಹಂಬ್ರೋಲ್‌ನಂಥ ಎನಾಮಲ್ ಮೂಲಬಣ್ಣದ ಮೇಲೆ ರಕ್ಷಣಾ ಪದರವಿಲ್ಲದೆ ಎನಾಮಲ್ ವಾಶ್ ಹಾಕಿದರೆ ಮೂಲಬಣ್ಣವೇ ಕುಂಚಕ್ಕೆ ಎದ್ದು ಬರುತ್ತದೆ. ವಾಶ್ ಒರೆಸಿದಾಗ ಹತ್ತಿಕಡ್ಡಿಗೆ ಕಂದು ಬಣ್ಣದ ಜೊತೆ ಹಸಿರೂ ಹತ್ತುತ್ತಿದೆ ಎಂದರೆ ಅಲ್ಲಿಯೇ ನಿಲ್ಲಿಸಬೇಕು. ಉಳಿದದ್ದನ್ನು ಪೂರ್ತಿ ಒಣಗಲು ಬಿಟ್ಟು, ಗ್ಲಾಸ್ (ಹೊಳಪಿನ) ವಾರ್ನಿಷ್‌ನಿಂದ ಮುಚ್ಚಿ, ಆಮೇಲೆ ಮುಂದುವರಿಸಬೇಕು.

ಡೆಕಾಲ್‌ನ ಬೆಳ್ಳಿ ಹೊಳಪು

ಡೆಕಾಲ್‌ನ ಸುತ್ತ ಅಥವಾ ಅಕ್ಷರಗಳ ನಡುವಿನ ಪಾರದರ್ಶಕ ಪೊರೆಯಲ್ಲಿ ಕಾಣುವ ಹೊಳಪಿಗೆ ಎಲ್ಲರೂ ಒಂದೇ ಹೆಸರು ಕೊಡುತ್ತಾರೆ. ಆದರೆ ಅದಕ್ಕೆ ಬೇರೆ ಬೇರೆ ಕಾರಣಗಳಿದ್ದು, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಬೇರ್ಪಡಿಸಿ ನೋಡಲು ಒಂದು ಹನಿ ನೀರು ಸಾಕು. ಒಣಗಿದ ಡೆಕಾಲ್ ಮತ್ತು ಅದರ ಪಕ್ಕದ ಬಣ್ಣ ಎರಡರ ಮೇಲೂ ಹರಡುವಂತೆ ನೀರು ಹಚ್ಚಿ ನೋಡಿ. ನೀರಿನ ಕೆಳಗೆ ಹೊಳಪಿನ ವ್ಯತ್ಯಾಸ ಪೂರ್ತಿ ಮಾಯವಾದರೆ ಅದು ಪೊರೆಯ ಸ್ವಂತ ಹೊಳಪು; ಸುತ್ತಲಿನ ಬಣ್ಣ ಮ್ಯಾಟ್ ಆಗಿರುವುದರಿಂದ ಎದ್ದು ಕಾಣುತ್ತಿದೆ, ಕೊನೆಯ ಮ್ಯಾಟ್ ವಾರ್ನಿಷ್ ಅದನ್ನು ತಾನಾಗಿ ಸರಿಪಡಿಸುತ್ತದೆ. ನೀರು ಹಚ್ಚಿದರೂ ಬೆಳ್ಳಿ ಹಾಗೆಯೇ ಉಳಿದು, ಮಾದರಿಯನ್ನು ತಿರುಗಿಸಿದಂತೆ ಹೆಚ್ಚು ಕಡಿಮೆಯಾಗುತ್ತಿದ್ದರೆ ಪೊರೆಯ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಅಂಚಿನ ಹೊರಗೆ ಬಿಳಿ ಕಲೆಯಾಗಿ ಕಂಡು ಒದ್ದೆ ಹತ್ತಿಕಡ್ಡಿಗೆ ಒರೆಸಿಹೋದರೆ ಅದು ಡೆಕಾಲ್‌ನ ಅಂಟು ಒಣಗಿ ಉಳಿದದ್ದು, ಅಷ್ಟೆ.

ಗಾಳಿ ಸಿಕ್ಕಿಕೊಂಡಿದ್ದರೆ ಕಾರಣ ಡೆಕಾಲ್‌ನಲ್ಲಿ ಇರುವುದು ಅಪರೂಪ. ಮ್ಯಾಟ್ ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ಒರಟಾಗಿರುತ್ತದೆ. ಡೆಕಾಲ್‌ನ ಪೊರೆ ಆ ಒರಟಿನ ತುದಿಗಳ ಮೇಲೆ ಮಾತ್ರ ಕೂತು, ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಹೀಗಾಗಿ ಒಂದು ಪದರ ಕೆಳಗಿಳಿದು ಕೇಳಬೇಕಾದ ಪ್ರಶ್ನೆ: ಡೆಕಾಲ್ ಹಾಕುವ ಮುನ್ನ ಗ್ಲಾಸ್ ಪದರ ಹಾಕಿತ್ತೇ? "ಹಾಕಿತ್ತು" ಎಂಬುದು ಉತ್ತರವಾದರೆ ಇನ್ನೂ ಒಂದು ಪದರ ಇಳಿಯಬೇಕು. ಮೂಲಬಣ್ಣವನ್ನು ದೂರದಿಂದ ಅಥವಾ ಹೆಚ್ಚಿನ ಒತ್ತಡದಲ್ಲಿ ಸಿಂಪಡಿಸಿ, ಹನಿಗಳು ದಾರಿಯಲ್ಲೇ ಅರೆ ಒಣಗಿ ಬಿದ್ದು ಮೇಲ್ಮೈ ಎಮರಿ ಕಾಗದದಂತಾಗಿದ್ದರೆ, ಅದರ ಮೇಲೆ ತೆಳುವಾಗಿ ಹಾಕಿದ ಗ್ಲಾಸ್ ಆ ಒರಟನ್ನು ತುಂಬದೆ ಕೇವಲ ಹೊಳೆಯುವಂತೆ ಮಾಡಿರುತ್ತದೆ. ಬೆರಳ ತುದಿಯಿಂದ ಸವರಿದರೆ ಇದು ಗೊತ್ತಾಗುತ್ತದೆ; ಪಕ್ಕದ ದೀಪದ ಚಿತ್ರದಲ್ಲಿ ಇನ್ನೂ ಸ್ಪಷ್ಟ. ಇಂಥಲ್ಲಿ ಹೊಸ ಡೆಕಾಲ್ ಹಾಳೆ ತಂದು ಅಂಟಿಸಿದರೂ ಅದೇ ಫಲ ಸಿಗುತ್ತದೆ.

ಈಗಾಗಲೇ ಅಂಟಿಸಿದ ಡೆಕಾಲ್ ಉಳಿಸಿಕೊಳ್ಳಲು ದಾರಿಯಿದೆ. ಬೆಳ್ಳಿ ಕಂಡಲ್ಲಿ ಹೊಸ ಬ್ಲೇಡಿನ ತುದಿಯಿಂದ ಅಥವಾ ತೆಳು ಸೂಜಿಯಿಂದ ಚುಚ್ಚಿ, ಮೈಕ್ರೋ ಸಾಲ್ ಅಥವಾ ಮಿಸ್ಟರ್ ಮಾರ್ಕ್ ಸಾಫ್ಟರ್‌ನಂಥ ಮೃದುಕಾರಕವನ್ನು ಕುಂಚದಿಂದ ಮುಟ್ಟಿಸಿದರೆ ದ್ರವ ಆ ರಂಧ್ರಗಳ ಮೂಲಕ ಒಳಗೆ ಹರಿದು ಪೊರೆಯನ್ನು ಮೆತ್ತಗೆ ಮಾಡಿ ಕೆಳಕ್ಕೆ ಎಳೆಯುತ್ತದೆ. ಆ ಹೊತ್ತಿನಲ್ಲಿ ಡೆಕಾಲ್ ಸುಕ್ಕುಗಟ್ಟುವುದನ್ನು ಕಂಡು ಗಾಬರಿಯಾಗಿ ಬೆರಳು ತಾಗಿಸಬಾರದು. ಒಣಗುತ್ತ ತಾನೇ ಮಟ್ಟವಾಗುತ್ತದೆ. ಪೂರ್ತಿ ಒಣಗಿದ ಮೇಲೆ ಉಳಿದ ಬೆಳ್ಳಿಗೆ ಮತ್ತೆ ಅದೇ ಕ್ರಮ. ಹೆಚ್ಚಿನ ಡೆಕಾಲ್‌ಗಳು ಎರಡು ಮೂರು ಸುತ್ತಿನಲ್ಲಿ ಕೂರುತ್ತವೆ.

ಜರ್ಮನ್ ವಾಹನಗಳ ಝಿಮ್ಮರಿಟ್ ಲೇಪದ ಮೇಲೆ ಡೆಕಾಲ್ ಹಾಕುವವರಿಗೆ ಈ ತೊಂದರೆ ಇನ್ನೂ ಹೆಚ್ಚು. ಕಾಂತೀಯ ಬಾಂಬು ಅಂಟದಂತೆ 1943ರ ಡಿಸೆಂಬರ್‌ನಿಂದ 1944ರ ಸೆಪ್ಟೆಂಬರ್‌ವರೆಗೆ ಕಾರ್ಖಾನೆಯಲ್ಲೇ ಬಳಿಯುತ್ತಿದ್ದ ಈ ಏಣುಏಣಾದ ಲೇಪದ ಮೇಲೆ ನಿಜವಾದ ವಾಹನಗಳಲ್ಲಿ ಗುರುತುಗಳನ್ನು ಬಣ್ಣದಿಂದ ಬರೆಯುತ್ತಿದ್ದರು. ಬಣ್ಣ ಏಣುಗಳ ನಡುವಿನ ತಗ್ಗಿಗೂ ಇಳಿದಿರುತ್ತಿತ್ತು. ಡೆಕಾಲ್ ಏಣಿನಿಂದ ಏಣಿಗೆ ಚರ್ಮದಂತೆ ಬಿಗಿದು ನಿಂತರೆ ಅಂತರದಲ್ಲೆಲ್ಲ ಗಾಳಿ ತುಂಬುತ್ತದೆ. ತಗ್ಗುಗಳ ಗುಂಟ ಹರಿತವಾದ ಬ್ಲೇಡಿನಿಂದ ಸೀಳಿ ಮೃದುಕಾರಕ ಹಾಕುವುದು ಒಂದು ಉಪಾಯ. ಆದರೆ ನನ್ನ ಅಭಿಪ್ರಾಯದಲ್ಲಿ ಶಿಲುಬೆ, ಸಂಖ್ಯೆಗಳಂಥ ಸರಳ ಗುರುತುಗಳಿಗೆ ಗುರುತಿನ ಆಕಾರದ ಮರೆಹಾಳೆ (ಮಾಸ್ಕ್) ಕತ್ತರಿಸಿ ಏರ್‌ಬ್ರಷ್‌ನಿಂದ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಉಪಕರಣ) ಬಣ್ಣ ಹಾಕುವುದೇ ಮೇಲು. ಮೂಲದಲ್ಲಿ ಮಾಡಿದ್ದೂ ಅದನ್ನೇ.

ಹಳೆಯ ಕಿಟ್‌ನ ಡೆಕಾಲ್ ಹಳದಿಯಾಗಿದ್ದರೆ ಅದು ಅಂಟಿಸುವ ಮುನ್ನವೇ ನೋಡಿಕೊಳ್ಳಬೇಕಾದ ದೋಷ. ಹಾಳೆಯನ್ನು ಪಾರದರ್ಶಕ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿ ಕೆಲವು ದಿನ ಬಿಟ್ಟರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ.

ವಾಶ್ ಹಾಕಿದಾಗ ಬಿರುಕು

ಈ ದೋಷ ಅತ್ಯಂತ ನೋವು ಕೊಡುವಂಥದ್ದು, ಏಕೆಂದರೆ ವಾರಗಟ್ಟಲೆ ದುಡಿದು ಮುಗಿಸುತ್ತ ಬಂದಿರುವ ಮಾದರಿಯ ಚಕ್ರ ಕೈಯಲ್ಲೇ ಕಳಚಿ ಬರುತ್ತದೆ. ಎನಾಮಲ್ ವಾಶ್ ಅಥವಾ ಲೈಟರ್ ದ್ರವದಂಥ ತೆಳು ಹೈಡ್ರೋಕಾರ್ಬನ್ ದ್ರಾವಕ ತಾಗಿದ ಭಾಗ, ನಿಮಿಷಗಳಲ್ಲೋ ಮರುದಿನವೋ, ಗಾಜು ಸೀಳಿದಂತೆ ಬಿರಿಯುತ್ತದೆ. ವಾಶ್ ಪ್ಲಾಸ್ಟಿಕ್ಕನ್ನು ಕರಗಿಸಿತು ಎಂಬುದು ಸಾಮಾನ್ಯ ತೀರ್ಮಾನ. ಆದರೆ ಬಿರುಕಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಹಾಗಾಗಿಲ್ಲವೆಂದು ತಿಳಿಯುತ್ತದೆ. ದ್ರಾವಕ ಕರಗಿಸಿದ್ದರೆ ಅಂಚು ಮೆತ್ತಗಾಗಿ ಉರುಟಾಗಿರುತ್ತಿತ್ತು. ಇಲ್ಲಿ ಅಂಚು ಚೂಪಾಗಿ, ಸ್ವಚ್ಛವಾಗಿ, ಎಳೆತದ ದಿಕ್ಕಿಗೆ ಅಡ್ಡವಾಗಿ ಇರುತ್ತದೆ. ಪ್ಲಾಸ್ಟಿಕ್‌ನೊಳಗೆ ಮೊದಲೇ ಒಂದು ಎಳೆತ ಅಡಗಿತ್ತು. ದ್ರಾವಕ ಸೂಕ್ಷ್ಮ ಸೀಳುಗಳೊಳಗೆ ಇಳಿದು ಪಾಲಿಸ್ಟೈರೀನ್‌ನ ಅಣುಸರಪಳಿಗಳ ಹಿಡಿತವನ್ನು ಸಡಿಲಿಸಿತು. ಎಳೆತ ಬಿಡುಗಡೆಯಾಗಿ ಭಾಗ ಬಿರಿಯಿತು.

ಆದ್ದರಿಂದ ಹುಡುಕಬೇಕಾದದ್ದು ಎಳೆತ ಎಲ್ಲಿಂದ ಬಂತು ಎಂಬುದನ್ನು. ಬಿಗಿಯಾದ ರಂಧ್ರಕ್ಕೆ ಒತ್ತಿ ತುರುಕಿದ ಚಕ್ರದ ಅಚ್ಚು (ಆಕ್ಸಲ್), ಚಕ್ರದೊಳಗೆ ಬಲವಂತವಾಗಿ ಕೂರಿಸಿದ ಮೆತ್ತನೆಯ ಪ್ಲಾಸ್ಟಿಕ್ ಬುಶ್, ಬಾಗಿದ್ದ ಹಲ್‌ನ (ವಾಹನದ ಒಡಲಿನ) ಮೇಲ್ಭಾಗವನ್ನು ಕ್ಲಾಂಪ್‌ನಿಂದ ಎಳೆದು ಕೆಳಭಾಗಕ್ಕೆ ಅಂಟಿಸಿದ್ದು, ಗಿಡ್ಡವಾದ ವಿನೈಲ್ ಟ್ರ್ಯಾಕ್ (ಚಕ್ರಗಳನ್ನು ಸುತ್ತುವರಿದ ಪಟ್ಟಿ) ತನ್ನ ತುದಿಯ ಐಡ್ಲರ್ ಚಕ್ರವನ್ನು ಹಗಲಿರುಳು ಜಗ್ಗುತ್ತಿರುವುದು, ಇವೇ ಮತ್ತೆ ಮತ್ತೆ ಸಿಗುವ ಮೂಲಗಳು. ಬಿರುಕು ಬಿಟ್ಟ ಭಾಗವನ್ನು ಬಿಡಿಸಿ ಅದರ ಅಚ್ಚನ್ನು ಅದೇ ರಂಧ್ರದಲ್ಲಿ ಕೂರಿಸಿ ನೋಡಿದರೆ ಬಲ ಹಾಕದೆ ಕೂರುತ್ತದೆಯೇ ಇಲ್ಲವೇ ಎಂಬುದೇ ಉತ್ತರ ಹೇಳುತ್ತದೆ. ಎಳೆತದ ಜೊತೆಗೆ ಎರಡನೆಯ ಅಂಶವೂ ಬೇಕು: ದ್ರಾವಕ ಬರಿಯ ಪ್ಲಾಸ್ಟಿಕ್ಕನ್ನು ತಲುಪಿರಬೇಕು. ಹೊರಗೆಲ್ಲ ಬಣ್ಣ ಹಾಕಿದ್ದರೂ ಅಚ್ಚಿನ ರಂಧ್ರದ ಮೂಲಕ ವಾಶ್ ಹಲ್‌ನ ಒಳಕ್ಕೆ ಹರಿದು, ಅಲ್ಲಿ ಬಣ್ಣವಿಲ್ಲದ ಮೂಲೆಯಲ್ಲಿ ಹೊತ್ತುಗಟ್ಟಲೆ ನಿಂತಿರುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಹೊಳೆಯುವುದೇ ಇಲ್ಲ.

ದುರಸ್ತಿಗೆ ಅವಸರ ಮಾಡಬಾರದು. ದ್ರಾವಕ ಪೂರ್ತಿ ಆವಿಯಾಗಲು ಮಾದರಿಯನ್ನು ಗಾಳಿಯಾಡುವಲ್ಲಿ ಕನಿಷ್ಠ ಒಂದು ದಿನ ಬಿಡಿ. ಮುರಿದ ತೋಳಿಗೆ ಮತ್ತೆ ದ್ರಾವಕ ಸಿಮೆಂಟ್ (ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಅಂಟು) ಹಾಕಿದರೆ ಅದೇ ಎಳೆತಕ್ಕೆ ಹೊಸ ದ್ರಾವಕ ಸಿಕ್ಕಂತಾಗುತ್ತದೆ. ಅದರ ಬದಲು ಎರಡೂ ತುಂಡುಗಳಲ್ಲಿ 0.5 ಮಿಲಿಮೀಟರ್ ರಂಧ್ರ ಕೊರೆದು, ಹಿತ್ತಾಳೆ ತಂತಿಯ ಪಿನ್ ಇಟ್ಟು, ಸೈನೋಅಕ್ರಿಲೇಟ್ ಅಂಟಿನಿಂದ (ಸೂಪರ್ ಗ್ಲೂ) ಸೇರಿಸಿ. ಅದಕ್ಕೂ ಮೊದಲು ರಂಧ್ರವನ್ನು ಗುಂಡು ಅರದಿಂದ ಸ್ವಲ್ಪ ಅಗಲಿಸಿ, ಅಚ್ಚು ಸಡಿಲವಾಗಿ ಕೂರುವಂತೆ ಮಾಡಿ. ಮುಂದಿನ ಮಾದರಿಗಳಲ್ಲಿ ಹಲ್‌ನ ಒಳಭಾಗಕ್ಕೂ ಪ್ರೈಮರ್ ಹಾಕುವುದು, ವಾಶ್ ಅನ್ನು ಇಡೀ ಮೇಲ್ಮೈಗೆ ಸುರಿಯದೆ ಗೆರೆ ಮತ್ತು ರಿವೆಟ್‌ಗಳ ಬುಡಕ್ಕೆ ಮಾತ್ರ ತೆಳು ಕುಂಚದಿಂದ ಮುಟ್ಟಿಸುವುದು, ಸಸ್ಪೆನ್ಷನ್‌ಗೆ ಬೇಕಾದರೆ ನೀರಿನ ವಾಶ್ ಬಳಸುವುದು, ಈ ಮೂರೂ ಸೇರಿದರೆ ಬಿರುಕು ಬಹುಮಟ್ಟಿಗೆ ದೂರವಾಗುತ್ತದೆ.

ಮ್ಯಾಟ್ ವಾರ್ನಿಷ್‌ನ ಬಿಳಿ ಮಂಜು

ಇಲ್ಲಿಯೂ ಒದ್ದೆ ಮಾಡಿ ನೋಡುವ ಪರೀಕ್ಷೆಯೇ ಮೊದಲು. ಬಿಳಿಯಾದ ಜಾಗಕ್ಕೆ ನೀರು ಹಚ್ಚಿದಾಗ ಮೂಲಬಣ್ಣ ಮೊದಲಿನಂತೆ ಕಾಣಿಸಿ, ಒಣಗಿದಾಗ ಬಿಳಿ ಮರಳಿದರೆ, ದೋಷ ವಾರ್ನಿಷ್‌ನ ಮೇಲ್ಮೈಯ ಒರಟಿನಲ್ಲಿದೆ. ನೀರು ಆ ಒರಟನ್ನು ತುಂಬಿದ್ದರಿಂದ ಬೆಳಕು ಚೆದುರುವುದು ನಿಂತಿತು. ನೀರು ಮಾಡಿದ್ದನ್ನೇ ಗ್ಲಾಸ್ ವಾರ್ನಿಷ್ ಶಾಶ್ವತವಾಗಿ ಮಾಡುತ್ತದೆ: ಒಂದು ಗ್ಲಾಸ್ ಪದರ ಹಾಕಿ, ಒಣಗಿದ ಮೇಲೆ ಮ್ಯಾಟ್ ವಾರ್ನಿಷ್ ಅನ್ನು ತೆಳುವಾಗಿ ಮತ್ತೆ ಹಾಕಿ. ಒದ್ದೆಯಾದಾಗಲೂ ಬಿಳಿ ಕದಲದಿದ್ದರೆ ಅದು ಪೊರೆಯ ಒಳಗೇ ಇದೆ. ಅದಕ್ಕೆ ಕಾರಣ ಬೇರೆ.

ಮ್ಯಾಟ್ ವಾರ್ನಿಷ್‌ನ ಹೊಳಪನ್ನು ಕೊಲ್ಲುವುದು ಅದರೊಳಗಿನ ಸಿಲಿಕಾದಂಥ ಸೂಕ್ಷ್ಮ ಪುಡಿ. ಸೀಸೆ ಬಹುದಿನ ಕೂತಿದ್ದರೆ ಪುಡಿ ತಳಕ್ಕಿಳಿದಿರುತ್ತದೆ. ಕಲಕದೆ ಮೇಲಿನ ದ್ರವ ಮಾತ್ರ ಬಳಸಿದವರಿಗೆ ವಾರ್ನಿಷ್ ಮ್ಯಾಟ್ ಆಗದೆ ಹೊಳೆಯುತ್ತದೆ. ಅದೇ ಸೀಸೆಯ ತಳ ತಲುಪಿದವರಿಗೆ ಬಿಳಿ ಮಂಜು ಸಿಗುತ್ತದೆ. ಒಂದೇ ಸೀಸೆಯನ್ನು ಹಂಚಿಕೊಂಡ ಇಬ್ಬರು ಹವ್ಯಾಸಿಗಳು ಪರಸ್ಪರ ವಿರುದ್ಧ ದೂರು ಹೇಳುವುದಕ್ಕೆ ಇದೇ ಕಾರಣ. ಸೀಸೆಯನ್ನು ಅಲ್ಲಾಡಿಸುವುದು ಸಾಲದು; ಕಡ್ಡಿಯಿಂದ ತಳ ಕೆರೆದು ಕಲಕಬೇಕು. ಒಂದೇ ಬಾರಿಗೆ ದಪ್ಪನಾಗಿ ಹಾಕಿದರೂ ಪುಡಿ ಮೂಲೆಗಳಲ್ಲಿ, ರಿವೆಟ್‌ಗಳ ಸುತ್ತ ಶೇಖರವಾಗಿ ಬಿಳಿಯಾಗುತ್ತದೆ. ಬಿಳಿ ಸಮತಟ್ಟಾದ ಜಾಗದಲ್ಲಿ ಕಾಣದೆ ತಗ್ಗುಗಳಲ್ಲಿ ಮಾತ್ರ ಕಂಡರೆ ಈ ಅನುಮಾನವೇ ಮೊದಲು.

ಲ್ಯಾಕರ್ ವಾರ್ನಿಷ್ ಬಳಸುವವರು ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲ್ಯಾಕರ್ ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈಯನ್ನು ತಂಪು ಮಾಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಂಪಿಗೆ ನೀರು ಹನಿಗಟ್ಟಿ ಪೊರೆಯೊಳಗೆ ಸಿಕ್ಕಿಕೊಂಡು ಇಡೀ ಫಲಕ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಇದು ಮೂಲೆಗಳನ್ನು ಹುಡುಕಿ ಹೋಗದೆ ಎಲ್ಲೆಡೆ ಸಮನಾಗಿ ಕಾಣುತ್ತದೆ, ಸಿಂಪಡಿಸಿದ ಕ್ಷಣಗಳಲ್ಲೇ ಕಾಣುತ್ತದೆ. ನಿಧಾನಕಾರಕ ಬೆರೆತ ಥಿನ್ನರ್ ಅನ್ನು ಮಾತ್ರ ಮಂಜಿನಂತೆ ಬಹಳ ತೆಳುವಾಗಿ ಸಿಂಪಡಿಸಿದರೆ ಪೊರೆ ಮತ್ತೆ ತೆರೆದುಕೊಂಡು ನೀರು ಹೊರಹೋಗುವ ಅವಕಾಶವಿದೆ. ಆದರೆ ಕೆಳಗೆ ಡೆಕಾಲ್ ಮತ್ತು ಅಕ್ರಿಲಿಕ್ ಇರುವುದರಿಂದ ಇದನ್ನು ಮೊದಲು ಬೇಡದ ತುಂಡಿನ ಮೇಲೆ ನೋಡದೆ ಮಾದರಿಯ ಮೇಲೆ ಪ್ರಯೋಗಿಸಬೇಡಿ.

ಇನ್ನೊಂದು ಮಾತು. ಪಿಗ್ಮೆಂಟ್ ಪುಡಿಯಿಂದ ಧೂಳಿನ ಪರಿಣಾಮ ತಂದ ಮೇಲೆ ವಾರ್ನಿಷ್ ಹಾಕಿದರೆ ಧೂಳು ಬಹುತೇಕ ಕಾಣೆಯಾಗುತ್ತದೆ. ಇದು ದೋಷವೆಂದು ಕೇಳುವವರು ಅನೇಕರು. ವಾರ್ನಿಷ್ ಪುಡಿಯ ಕಣಗಳನ್ನು ನೆನೆಸಿ ಪಾರದರ್ಶಕವಾಗಿಸುವುದು ಅದರ ಸಹಜ ಗುಣ. ಪಿಗ್ಮೆಂಟ್ ಯಾವಾಗಲೂ ವಾರ್ನಿಷ್‌ನ ನಂತರ ಬರಬೇಕು.

ಏರ್‌ಬ್ರಷ್‌ನದೋ ಬಣ್ಣದ್ದೋ

ಸಿಂಪರಣೆಯ ದೋಷಗಳಲ್ಲಿ ಮೊದಲ ಪ್ರಶ್ನೆ ಇಷ್ಟೇ. ಏರ್‌ಬ್ರಷ್‌ನ ಬಣ್ಣದ ಬಟ್ಟಲನ್ನು ಖಾಲಿ ಮಾಡಿ, ಬರಿಯ ಥಿನ್ನರ್ ಹಾಕಿ ಕಾಗದದ ಮೇಲೆ ಸಿಂಪಡಿಸಿ. ತೊಂದರೆ ಹಾಗೆಯೇ ಇದ್ದರೆ ಉಪಕರಣದಲ್ಲಿ ಹುಡುಕಿ. ನಿಂತುಹೋದರೆ ಬಣ್ಣದ ಮಿಶ್ರಣದಲ್ಲಿ ಹುಡುಕಿ. ಬಟ್ಟಲಿನಲ್ಲಿ ಗುಳ್ಳೆ ಏಳುತ್ತಿದ್ದರೆ ಗಾಳಿ ನಾಝಲ್‌ನ (ಬಣ್ಣ ಹೊರಬರುವ ಮೂತಿಯ) ಬುಡದಿಂದ ಹಿಂದಕ್ಕೆ ನುಗ್ಗುತ್ತಿದೆ ಎಂದರ್ಥ: ನಾಝಲ್ ಸಡಿಲವಾಗಿದೆ, ಬಿರುಕು ಬಿಟ್ಟಿದೆ, ಅಥವಾ ಅದರ ಸೀಲ್ ಸವೆದಿದೆ. ಸಿಂಪರಣೆ ಒಂದೇ ಬದಿಗೆ ವಾಲಿದರೆ ಸೂಜಿಯ ತುದಿ ಬಾಗಿದೆ. ಗೆರೆಯ ಮೊದಲಲ್ಲಿ ಹನಿ ಸಿಡಿದು ಆಮೇಲೆ ಸರಿಹೋದರೆ ಸೂಜಿಯ ತುದಿಯಲ್ಲಿ ಬಣ್ಣ ಒಣಗಿದೆ; ಅಕ್ರಿಲಿಕ್‌ನಲ್ಲಿ ಇದು ನಿತ್ಯದ ಸಂಗತಿ, ಥಿನ್ನರ್ ಹಚ್ಚಿದ ಹತ್ತಿಕಡ್ಡಿಯಿಂದ ಆಗಾಗ ಒರೆಸಿದರೆ ಸಾಕು.

ಬಣ್ಣದಲ್ಲಿ ದೋಷವಿದೆ ಎಂದಾದರೆ ಥಿನ್ನರ್ ಯಾವುದೆಂದು ಕೇಳಬೇಕು. ಟಮಿಯಾದ ಅಕ್ರಿಲಿಕ್ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಬೆರೆಯುತ್ತದೆ, ಲ್ಯಾಕರ್ ಥಿನ್ನರ್‌ನಲ್ಲಿ ಇನ್ನೂ ನುಣುಪಾಗಿ ಕೂರುತ್ತದೆ. ಅದೇ ಆಲ್ಕೋಹಾಲನ್ನು ವಲೆಹೋದಂಥ ನೀರಿನ ಅಕ್ರಿಲಿಕ್‌ಗೆ ಹಾಕಿದರೆ ಬಣ್ಣ ಒಡೆದ ಹಾಲಿನಂತೆ ಗಂಟುಗಂಟಾಗಿ ನಾಝಲ್ ಕಟ್ಟಿಕೊಳ್ಳುತ್ತದೆ. ಎರಡಕ್ಕೂ "ಅಕ್ರಿಲಿಕ್" ಎಂದೇ ಹೆಸರಿರುವುದರಿಂದ ಈ ಗೊಂದಲ ಹೊಸಬರಲ್ಲಿ ಮತ್ತೆ ಮತ್ತೆ ಬರುತ್ತದೆ. ಬಣ್ಣ ಜೇಡನ ಕಾಲಿನಂತೆ ಹರಿದರೆ ಮಿಶ್ರಣ ಬಹಳ ತೆಳುವಾಗಿದೆ ಅಥವಾ ತೀರ ಹತ್ತಿರದಿಂದ ಹೆಚ್ಚು ಒತ್ತಡದಲ್ಲಿ ಹಾಕುತ್ತಿದ್ದೀರಿ. 0.3 ಮಿಲಿಮೀಟರ್ ನಾಝಲ್‌ನಲ್ಲಿ ಸಾಮಾನ್ಯ ಕೆಲಸಕ್ಕೆ 15ರಿಂದ 20 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಆರಂಭಕ್ಕೆ ಸರಿಯಾದ ಅಂದಾಜು.

ಬಣ್ಣ ಸಿಪ್ಪೆಯಂತೆ ಏಳುವುದು, ಏಳಬೇಕಾದಲ್ಲಿ ಏಳದಿರುವುದು

ಮಾಸ್ಕಿಂಗ್ ಟೇಪ್ ಜೊತೆಗೆ ಬಣ್ಣ ಎದ್ದು ಬಂದಾಗ ಎದ್ದ ತುಂಡಿನ ಹಿಂಬದಿಯನ್ನು ನೋಡಿ. ಹಿಂಬದಿ ಪ್ರೈಮರ್‌ನ ಬಣ್ಣದ್ದಾಗಿದ್ದು ಕೆಳಗೆ ಬರಿಯ ಪ್ಲಾಸ್ಟಿಕ್ ಕಂಡರೆ ಪ್ರೈಮರ್ ಹಿಡಿದಿಲ್ಲ. ಭಾಗವನ್ನು ಎರಕದ ಅಚ್ಚಿನಿಂದ (ಮೋಲ್ಡ್) ಬಿಡಿಸಲು ಹಚ್ಚಿದ ಎಣ್ಣೆ ಅಥವಾ ಬೆರಳ ಜಿಡ್ಡು ಅದಕ್ಕೆ ಕಾರಣ. ರೆಸಿನ್ ಭಾಗಗಳಲ್ಲಿ ಮತ್ತು ಹಿತ್ತಾಳೆಯ ಫೋಟೋ ಎಚ್ (ರಾಸಾಯನಿಕದಿಂದ ಕೊರೆದ ತೆಳು ಲೋಹದ) ಭಾಗಗಳಲ್ಲಿ ಇದು ಹೆಚ್ಚು. ಪಾತ್ರೆ ತೊಳೆಯುವ ಸಾಬೂನಿನ ಬೆಚ್ಚಗಿನ ನೀರಿನಲ್ಲಿ ತೊಳೆದು, ಹಿತ್ತಾಳೆಯನ್ನು ನುಣ್ಣನೆಯ ಎಮರಿ ಕಾಗದದಿಂದ ಲಘುವಾಗಿ ಉಜ್ಜಿದರೆ ಬಣ್ಣ ಹಿಡಿಯುತ್ತದೆ. ಕೆಳಗೆ ಪ್ರೈಮರ್ ಗಟ್ಟಿಯಾಗಿ ಉಳಿದು ಮೇಲಿನ ಬಣ್ಣ ಮಾತ್ರ ಎದ್ದಿದ್ದರೆ ಪದರಗಳ ನಡುವಿನ ಒಣಗುವ ಅವಧಿಯನ್ನು ಅನುಮಾನಿಸಬೇಕು.

ಎರಡು ಬಣ್ಣಗಳ ನಡುವೆ ಹೇರ್‌ಸ್ಪ್ರೇ ಹಾಕಿ, ಮೇಲಿನದನ್ನು ಅಲ್ಲಲ್ಲಿ ಕೆರೆದು ಬಣ್ಣ ಸವೆದಂತೆ ತೋರಿಸುವ ಹೇರ್‌ಸ್ಪ್ರೇ ತಂತ್ರದಲ್ಲಿ ತೊಂದರೆ ಇದಕ್ಕೆ ತಿರುಗುಮುರುಗು. ಮೇಲಿನ ಬಣ್ಣ ನೀರು ಮತ್ತು ಕುಂಚಕ್ಕೆ ಕೆರೆದು ಬರಬೇಕು, ಆದರೆ ಬರುವುದಿಲ್ಲ. ನೀರು ಹೇರ್‌ಸ್ಪ್ರೇಯನ್ನು ತಲುಪಿ ಕರಗಿಸಿದರೆ ಮಾತ್ರ ಬಣ್ಣ ಬಿಡುತ್ತದೆ. ಆದ್ದರಿಂದ ಮೇಲಿನ ಬಣ್ಣ ದಪ್ಪವಾಗಿದ್ದರೆ, ಲ್ಯಾಕರ್ ಥಿನ್ನರ್‌ನಲ್ಲಿ ಹಾಕಿದ್ದರೆ, ಅಥವಾ ದಿನಗಟ್ಟಲೆ ಒಣಗಲು ಬಿಟ್ಟಿದ್ದರೆ ದಾರಿ ಮುಚ್ಚಿರುತ್ತದೆ. ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಿದ ಕೂಡಲೇ, ಅದೇ ದಿನ, ಬೆಚ್ಚಗಿನ ನೀರಿನಿಂದ ಕೆಲಸ ಶುರು ಮಾಡಬೇಕು. ವ್ಯತಿರಿಕ್ತವಾಗಿ ದೊಡ್ಡ ಹಾಳೆಗಳಾಗಿ ಎದ್ದು ಬಂದರೆ ಹೇರ್‌ಸ್ಪ್ರೇ ಹೆಚ್ಚಾಗಿದೆ ಅಥವಾ ನೀರು ಬಹಳ ಹೊತ್ತು ನಿಂತಿದೆ.

ಚಕ್ರ ನೆಲ ಮುಟ್ಟದಿರುವುದು

ಮಾದರಿಯನ್ನು ಗಾಜಿನ ಫಲಕದ ಮೇಲಿಟ್ಟು ಪ್ರತಿ ಚಕ್ರದ ಅಡಿಗೂ ತೆಳು ಕಾಗದದ ಪಟ್ಟಿ ತೂರಿಸಿ ನೋಡಿ. ನಡುವಿನ ಒಂದು ಚಕ್ರದ ಅಡಿಯಲ್ಲಿ ಮಾತ್ರ ಕಾಗದ ಸಲೀಸಾಗಿ ಹೋದರೆ ಆ ತೋಳಿನ ಕೋನ ತಪ್ಪಿದೆ. ಮೂಲೆಯ ಚಕ್ರ ಎದ್ದು, ಕರ್ಣದ ಎದುರು ಮೂಲೆಯನ್ನು ಒತ್ತಿದಾಗ ವಾಹನ ತೂಗಾಡಿದರೆ ಹಲ್ ತಿರುಚಿಕೊಂಡಿದೆ. ಟ್ರ್ಯಾಕ್ ಹಾಕುವ ಮೊದಲು ಎಲ್ಲ ಸರಿಯಿದ್ದು, ಹಾಕಿದ ಮೇಲೆ ಮೊದಲ ಅಥವಾ ಕೊನೆಯ ಚಕ್ರ ಎದ್ದರೆ ಟ್ರ್ಯಾಕ್ ಗಿಡ್ಡವಾಗಿದೆ. ಹೀಗಾಗಿ ಈ ಪರೀಕ್ಷೆಯನ್ನು ಟ್ರ್ಯಾಕ್‌ಗೆ ಮೊದಲೂ ನಂತರವೂ ಮಾಡಬೇಕು.

ತೋಳುಗಳು ಇನ್ನೂ ಗಟ್ಟಿಯಾಗುವ ಮುನ್ನ ಹಲ್ ಅನ್ನು ಗಾಜಿನ ಮೇಲೆ ತೂಕವಿಟ್ಟು ಬಿಡುವುದು ಅತ್ಯಂತ ಸುಲಭದ ತಡೆ. ಪ್ಯಾಂಥರ್ ಮತ್ತು ಟೈಗರ್‌ಗಳಂತೆ ಒಂದರ ಮೇಲೊಂದು ಹೊಂದಿಕೊಂಡ ಚಕ್ರಗಳಿರುವ ವಾಹನಗಳಲ್ಲಿ ಇದನ್ನು ಬಿಟ್ಟರೆ ಆಮೇಲೆ ಸರಿಪಡಿಸಲು ಕೈ ಹೋಗುವುದೇ ಇಲ್ಲ. ತಿರುಚಿದ ಹಲ್‌ಗೆ ಕುದಿನೀರು ಹಾಕಬೇಡಿ. ಪಾಲಿಸ್ಟೈರೀನ್ ಮೆತ್ತಗಾಗುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ, ಅಲ್ಲಿ ಅದು ನಿಮ್ಮ ಹಿಡಿತಕ್ಕೆ ಸಿಗುವುದಿಲ್ಲ. ಬಿಸಿನೀರಿನ ಉಪಾಯ ಬಾಗಿದ ರೆಸಿನ್ ಭಾಗಗಳಿಗೆ ಮಾತ್ರ. ಹಲ್‌ನ ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆಯ ಅಡ್ಡಗೋಡೆಗಳನ್ನು ಅಳತೆಗೆ ಕತ್ತರಿಸಿ ಅಂಟಿಸಿದರೆ ಆಕಾರ ನಿಲ್ಲುತ್ತದೆ. ಕ್ಲಾಂಪ್ ಒಂದನ್ನೇ ನಂಬಿ ಎಳೆದು ಕಟ್ಟಿದರೆ ಚಕ್ರಗಳು ಇಂದು ನೆಲ ಮುಟ್ಟುತ್ತವೆ, ಆದರೆ ವಾಶ್ ಹಾಕುವ ದಿನ ಮೇಲೆ ಹೇಳಿದ ಬಿರುಕಾಗಿ ಅದೇ ಎಳೆತ ಹೊರಬರುತ್ತದೆ.

ಟ್ರ್ಯಾಕ್ ಸಹಜವಾಗಿ ಜೋಲುತ್ತಿಲ್ಲ ಎಂಬ ದೂರಿಗೆ ಮೊದಲು ಮೂಲ ವಾಹನವನ್ನು ನೋಡಬೇಕು. ಟಿ-34ರಲ್ಲಿ ಮೇಲಿನ ರೋಲರ್‌ಗಳಿಲ್ಲ. ಟ್ರ್ಯಾಕ್‌ನ ಮೇಲಿನ ಓಟ ಚಕ್ರಗಳ ಮೇಲೆಯೇ ಮಲಗಿರುತ್ತದೆ. ಶೆರ್ಮನ್‌ನಲ್ಲಿ ರೋಲರ್‌ಗಳಿದ್ದು ಟ್ರ್ಯಾಕ್ ಬಿಗಿಯಾಗಿರುತ್ತದೆ, ಅಲ್ಲಿ ಜೋಲು ತಂದರೆ ಅದೇ ತಪ್ಪಾಗುತ್ತದೆ. ಬೇರೆ ತಯಾರಕರ ಟ್ರ್ಯಾಕ್ ಹಾಕಿದಾಗ ಫೆಂಡರ್‌ಗೆ ತಾಗುತ್ತಿದ್ದರೆ ಅಥವಾ ತೀರ ಕಿರಿದಾಗಿ ಕಂಡರೆ ಅಳೆದು ನೋಡಿ: ಟೈಗರ್‌ನ ಯುದ್ಧದ ಟ್ರ್ಯಾಕ್ 725 ಮಿಲಿಮೀಟರ್, 1/35ರಲ್ಲಿ ಸುಮಾರು 20.7, ರೈಲು ಸಾಗಣೆಗೆ ಹಾಕುತ್ತಿದ್ದ ಕಿರಿದಾದ ಟ್ರ್ಯಾಕ್ 520 ಮಿಲಿಮೀಟರ್, 1/35ರಲ್ಲಿ ಸುಮಾರು 14.9. ಎರಡೂ ಮಾರಾಟದಲ್ಲಿರುವುದರಿಂದ ಅದಲುಬದಲಾಗುವುದು ಸಹಜ.

ಮಾಯವಾಗಿದ್ದ ಜೋಡಣೆಯ ಗೆರೆ ಮರಳುವುದು

ಎರಡು ಭಾಗಗಳ ಫಿರಂಗಿ ನಳಿಗೆಯನ್ನು ಉಜ್ಜಿ ನುಣುಪು ಮಾಡಿ ಬಣ್ಣ ಹಾಕಿದ ಕೆಲವು ವಾರಗಳ ನಂತರ ಉದ್ದಕ್ಕೂ ತೆಳು ತಗ್ಗು ಕಾಣಿಸಿಕೊಂಡರೆ, ಸಿಮೆಂಟ್ ಪೂರ್ತಿ ಆರುವ ಮುನ್ನ ಉಜ್ಜಿದ್ದೇ ಕಾರಣ. ದ್ರಾವಕದಿಂದ ಮೆತ್ತಗಾದ ಪ್ಲಾಸ್ಟಿಕ್ ಮೇಲೆ ಗಟ್ಟಿಯಾದಂತೆ ಕಂಡರೂ ಒಳಗಿನ ದ್ರಾವಕ ದಿನಗಟ್ಟಲೆ ನಿಧಾನವಾಗಿ ಹೊರಹೋಗುತ್ತ, ಆ ಜಾಗ ಕುಗ್ಗುತ್ತದೆ. ತೆಳು ಸಿಮೆಂಟ್ ಹಾಕಿದ ಜೋಡಣೆಗೆ ಎರಡು ದಿನ, ಉಬ್ಬಿ ಬರುವಷ್ಟು ಧಾರಾಳವಾಗಿ ಹಾಕಿದ್ದಕ್ಕೆ ವಾರ ಬಿಡುವುದು ಒಳ್ಳೆಯದು. ಪುಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ದಪ್ಪನಾಗಿ ಒಂದು ಸಲ ಮೆತ್ತುವ ಬದಲು ತೆಳುವಾಗಿ ಎರಡು ಮೂರು ಸಲ ಹಾಕಬೇಕು. ಕಾಯಲು ಸಮಯವಿಲ್ಲದವರು ಸೈನೋಅಕ್ರಿಲೇಟ್ ತುಂಬಿ ಉಜ್ಜಬಹುದು, ಅದು ಕುಗ್ಗುವುದಿಲ್ಲ. ಆದರೆ ಮರುದಿನಕ್ಕೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ ಅಕ್ಕಪಕ್ಕದ ಪ್ಲಾಸ್ಟಿಕ್ಕೇ ಸವೆಯುವುದರಿಂದ, ಹಾಕಿದ ಒಂದು ಗಂಟೆಯೊಳಗೆ ಉಜ್ಜಿ ಮುಗಿಸಬೇಕು.

ಕಪಾಟಿನಲ್ಲಿಟ್ಟ ಮಾದರಿಯಲ್ಲಿ ಕರಗಿದ ಚಕ್ರ

ವರ್ಷಗಳ ನಂತರ ಕಾಣುವ ದೋಷ ಇದು. ವಿನೈಲ್ ಟ್ರ್ಯಾಕ್ ತಾಗಿದಲ್ಲೆಲ್ಲ ಚಕ್ರದ ಪ್ಲಾಸ್ಟಿಕ್ ಮೆತ್ತಗಾಗಿ ಹಲ್ಲಿನ ಗುರುತು ಬಿದ್ದಿದ್ದರೆ, ವಿನೈಲ್ ಅನ್ನು ಮೃದುವಾಗಿಡುವ ಪ್ಲಾಸ್ಟಿಸೈಸರ್ ಹೊರಸೂಸಿ ಪಾಲಿಸ್ಟೈರೀನ್ ಅನ್ನು ಕರಗಿಸಿದೆ. ಟ್ರ್ಯಾಕ್‌ಗೆ ಹಚ್ಚಿದ ಎನಾಮಲ್ ಬಣ್ಣ ಎಷ್ಟು ದಿನವಾದರೂ ಅಂಟಂಟಾಗಿಯೇ ಉಳಿಯುವುದಕ್ಕೂ ಅದೇ ಕಾರಣ. ಬಿಚ್ಚಿದ ಕಿಟ್‌ಗಳಲ್ಲಿ ಟ್ರ್ಯಾಕ್ ಮತ್ತು ಟೈರುಗಳನ್ನು ಬೇರೆ ಚೀಲದಲ್ಲಿಡಿ. ಹಳೆಯ ಕಿಟ್‌ಗಳಲ್ಲಿ ಟ್ರ್ಯಾಕ್ ಸ್ಪ್ರೂ (ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಜೊತೆ ಒಂದೇ ಚೀಲದಲ್ಲಿದ್ದರೆ ಕಟ್ಟುವುದು ಎಂದಾದರೂ ಇರಲಿ, ಇಂದೇ ಬೇರ್ಪಡಿಸಿ. ಕಟ್ಟುವಾಗ ಚಕ್ರದ ಅಂಚು ಮತ್ತು ಟ್ರ್ಯಾಕ್‌ನ ಒಳಮುಖ ಎರಡಕ್ಕೂ ಅಕ್ರಿಲಿಕ್ ಪದರ ಹಾಕಿದರೆ ನೇರ ಸ್ಪರ್ಶ ತಪ್ಪುತ್ತದೆ. ಈಗಾಗಲೇ ಕರಗಿದ ಚಕ್ರವನ್ನು ಟ್ರ್ಯಾಕ್‌ನಿಂದ ಬಿಡಿಸಿ, ಮೆತ್ತಗಾದ ಪ್ಲಾಸ್ಟಿಕ್ ಮತ್ತೆ ಗಟ್ಟಿಯಾಗುವವರೆಗೆ ವಾರಗಟ್ಟಲೆ ತೆರೆದ ಗಾಳಿಯಲ್ಲಿ ಬಿಟ್ಟು, ಆಮೇಲೆ ತಗ್ಗುಗಳನ್ನು ಸೈನೋಅಕ್ರಿಲೇಟ್‌ನಿಂದ ತುಂಬಿ ಉಜ್ಜಿ. ಟ್ರ್ಯಾಕ್ ಜಾಗಕ್ಕೆ ಬಿಡಿ ಕೊಂಡಿಗಳ ಪ್ಲಾಸ್ಟಿಕ್ ಟ್ರ್ಯಾಕ್ ಹಾಕಿ.